ಲಕ್ಷ್ಮೇಶ್ವರದಿಂದ ಬಂದಳಿಕೆಗೆ ಸೈಕಲ್ ಯಾತ್ರೆ: ಮೊದಲು ಬೇಕಾದದ್ದು ದಾನಶಾಲೆ

ಶ್ರವಣಬೆಳಗೊಳದ ಭಗವಾನ್ ಬಾಹುಬಲಿ ಸ್ವಾಮಿಯ ಮಹಾಮಸ್ತಕಾಭಿಷೇಕ 2018ರ ಫೆಬ್ರುವರಿಯಲ್ಲಿ ನಡೆಯಿತು. ಹನ್ನೆರಡು ವರ್ಷದ ಲೆಕ್ಕದಲ್ಲಿ ಮುಂದಿನದು 2030ಕ್ಕೆ ಬರುತ್ತದೆ. ಮಹಾರಾಷ್ಟ್ರ, ಬೆಳಗಾವಿ, ಹುಬ್ಬಳ್ಳಿ ಕಡೆಯ ಶ್ರಾವಕರ ಬಸ್ಸು ಕಾರುಗಳು ಆಗ ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಶಿಗ್ಗಾಂವಿ, ಹಾವೇರಿ ದಾಟಿ ಸಾಲುಗಟ್ಟಿ ಹೋಗುತ್ತವೆ. ಆ ಹೆದ್ದಾರಿಯಿಂದ ಎರಡು ಮೂರು ಕಿ.ಮೀ. ಒಳಗೆ ತಿರುಗಿದರೆ ಬಂಕಾಪುರ. ಗಂಗ ದೊರೆ ಮಾರಸಿಂಹ ರಾಜ್ಯ ಬಿಟ್ಟು, ಅಜಿತಸೇನ ಆಚಾರ್ಯರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತ ಹಿಡಿದು 974ರ ಸುಮಾರಿಗೆ ದೇಹ ಬಿಟ್ಟ ಊರು ಅದು. ಈ ಸಂಗತಿ ಬರೆದಿರುವುದು ಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಮೇಲೆ. ಆ ಕಂಬವನ್ನು ನೋಡುವವರು ಲಕ್ಷಾಂತರ ಮಂದಿ. ಆ ಕಂಬ ಹೇಳುವ ಊರಿಗೆ ಹೋಗುವವರು ಬಹಳ ಕಡಿಮೆ.

ಈ ಅಂತರವನ್ನು ಕಡಿಮೆ ಮಾಡಲು ಸೈಕಲ್ ಯಾತ್ರೆ ಒಂದು ದಾರಿಯಾಗಬಲ್ಲದು. ಕೊರೊನಾ ನಂತರದ ವರ್ಷಗಳಲ್ಲಿ ಪಟ್ಟಣದ ಯುವಕರು, ನಿವೃತ್ತರು, ಹೆಣ್ಣುಮಕ್ಕಳು ಕೂಡ ಸೈಕಲ್ ಹಿಡಿದಿದ್ದಾರೆ. ರವಿವಾರ ಬೆಳಿಗ್ಗೆ ಗುಂಪಾಗಿ ಮೂವತ್ತು ನಲವತ್ತು ಕಿ.ಮೀ. ಹೋಗಿ ಬರುವುದು ಈಗ ಹೊಸ ಮಾತಲ್ಲ. ಅದೇ ಉತ್ಸಾಹವನ್ನು ಹಳೆಯ ಬಸದಿಗಳ ಕಡೆಗೆ ತಿರುಗಿಸಬಹುದೇ, ತಿರುಗಿಸಿದರೆ ಸಮಾಜ ಏನು ಸಿದ್ಧ ಮಾಡಿಕೊಳ್ಳಬೇಕು ಎಂಬುದು ವಿಚಾರ ಮಾಡಬೇಕಾದ ವಿಷಯ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗಕ್ಕೆ ಈ ಪ್ರಶ್ನೆ ಹೆಚ್ಚು ಹತ್ತಿರದ್ದು. ಜೈನ ಇತಿಹಾಸ ಇಷ್ಟು ದಟ್ಟವಾಗಿದ್ದೂ ಯಾತ್ರಿಕರು ಇಷ್ಟು ವಿರಳವಾಗಿರುವ ಪ್ರದೇಶಗಳು ರಾಜ್ಯದಲ್ಲಿ ಹೆಚ್ಚಿಲ್ಲ.

ದಾರಿಯ ಊರುಗಳು

ಗದಗ ಜಿಲ್ಲೆಯ ಲಕ್ಷ್ಮೇಶ್ವರದಿಂದ ಹೊರಟು ಸವಣೂರು, ಬಂಕಾಪುರ, ಹಾನಗಲ್, ತಿಳವಳ್ಳಿ, ಆನವಟ್ಟಿ ದಾಟಿ ಶಿಕಾರಿಪುರ ತಾಲೂಕಿನ ಬಂದಳಿಕೆಗೆ ಮುಗಿಸಿದರೆ ಸುಮಾರು 150 ಕಿ.ಮೀ. ಆಗುತ್ತದೆ. ಮೂರು ದಿನದ ಸೈಕಲ್ ದಾರಿ. ಇನ್ನೂ ಎರಡು ದಿನ ಕೈಯಲ್ಲಿದ್ದವರು ದಕ್ಷಿಣಕ್ಕೆ ಹೊಂಬುಜದವರೆಗೆ ಹೋಗಿ ಪದ್ಮಾವತಿ ಅಮ್ಮನವರ ದರ್ಶನ ಮಾಡಬಹುದು. ಈ ಊರುಗಳನ್ನು ಒಂದೇ ಗೆರೆಯಲ್ಲಿ ಜೋಡಿಸುವುದು ಇಂದಿನ ಅನುಕೂಲಕ್ಕಾಗಿ. ಆದರೆ ಒಂದೊಂದು ಊರಿಗೂ ಹಿಂದೆ ಜನ ಧರ್ಮಕಾರ್ಯಕ್ಕೆಂದು ಬಂದು ಹೋದದ್ದಕ್ಕೆ ಕಲ್ಲಿನ, ತಾಮ್ರದ ಸಾಕ್ಷಿ ಇದೆ.

ಲಕ್ಷ್ಮೇಶ್ವರ ಎಂದರೆ ಹಳೆಯ ಪುಲಿಗೆರೆ. 941ರಲ್ಲಿ ಆದಿಪುರಾಣ ಬರೆದ ಪಂಪ ತನ್ನ ಭಾಷೆಗೆ ಪುಲಿಗೆರೆಯ ಕನ್ನಡವೇ ತಿರುಳು ಎಂದುಕೊಂಡವನು. ಇಲ್ಲಿನ ಶಂಖ ಬಸದಿಯಲ್ಲಿ ಸಾವಿರ ಜಿನಬಿಂಬಗಳನ್ನು ಕಡೆದ ಸಹಸ್ರಕೂಟ ಇದೆ. ಅನಂತನಾಥ ಬಸದಿಯೂ ಇದೇ ಊರಿನಲ್ಲಿದೆ. ಯಾತ್ರೆ ಆರಂಭಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಅಲ್ಲಿಂದ ಮುಂದೆ ಸವಣೂರು. ನವಾಬರ ಊರು, ವೀಳ್ಯದೆಲೆಯ ಊರು, ಮೂರು ಭಾರೀ ದೊಡ್ಡಹುಣಸೆ ಮರಗಳ ಊರು. ಆ ಮರಗಳ ನೆರಳು ಸೈಕಲ್ ನಿಲ್ಲಿಸಿ ನೀರು ಕುಡಿಯಲು ತಕ್ಕ ಜಾಗ.

ಬಂಕಾಪುರಕ್ಕೆ ಹೆಸರು ಬಂದದ್ದು ರಾಷ್ಟ್ರಕೂಟ ಅಮೋಘವರ್ಷನ ಸೇನಾನಿ ಬಂಕೇಶನಿಂದ. ಅವನ ಮಗ ಲೋಕಾದಿತ್ಯ ಇಲ್ಲಿಂದ ಬನವಾಸಿ ನಾಡನ್ನು ಆಳುತ್ತಿದ್ದ. ಆಚಾರ್ಯ ಜಿನಸೇನರು ಅರ್ಧಕ್ಕೆ ಬಿಟ್ಟ ಮಹಾಪುರಾಣವನ್ನು ಶಿಷ್ಯ ಗುಣಭದ್ರಾಚಾರ್ಯರು ಮುಂದುವರಿಸಿ ಉತ್ತರಪುರಾಣ ರಚಿಸಿದರು. 898ರಲ್ಲಿ ಆ ಗ್ರಂಥಕ್ಕೆ ಪೂಜೆ ಸಂದದ್ದು ಇದೇ ಬಂಕಾಪುರದಲ್ಲಿ. ಮನೆಮನೆಯಲ್ಲಿ ಕೇಳುವ ತೀರ್ಥಂಕರರ ಕತೆಗಳಿಗೆ ಮೂಲವಾದ ಗ್ರಂಥ ಅದು. ಚಾವುಂಡರಾಯನಿಗೂ ಕವಿ ರನ್ನನಿಗೂ ಗುರುಗಳಾಗಿದ್ದವರು ಅಜಿತಸೇನರು. ಇಂದು ಬಂಕಾಪುರದ ಕೋಟೆಯೊಳಗೆ ಅರವತ್ತು ಕಂಬದ ಗುಡಿ ಎಂದು ಕರೆಯುವ ನಗರೇಶ್ವರ ದೇವಾಲಯ ಇದೆ, ನವಿಲು ಧಾಮ ಇದೆ. ನವಿಲುಗಳಿಗೆ ಅಭಯ ಸಿಕ್ಕ ಜಾಗ ಎಂಬುದೂ ಅಹಿಂಸೆಯನ್ನು ನಂಬಿದವರಿಗೆ ಸಂತೋಷದ ಮಾತೇ.

ಬಂಕಾಪುರ ದಾಟಿದ ಮೇಲೆ ನೆಲ ಬದಲಾಗುತ್ತದೆ. ಎರೆಹೊಲ ಹಿಂದೆ ಬಿದ್ದು ಕೆರೆ, ಭತ್ತದ ಗದ್ದೆ, ಮಾವಿನ ತೋಪು, ಅಡಿಕೆ ತೋಟ ಕಾಣಿಸುತ್ತವೆ. ಹಾನಗಲ್ ಹಳೆಯ ಪಾನುಂಗಲ್ಲು, ಕದಂಬರ ಒಂದು ಶಾಖೆಯ ರಾಜಧಾನಿ. ಇಲ್ಲಿನ ತಾರಕೇಶ್ವರ ದೇವಾಲಯದ ಕಮಲದ ಛತ್ತು ನೋಡದೆ ಮುಂದೆ ಹೋಗಬಾರದು. ಇದೇ ತಾಲೂಕಿನ ಆಡೂರಿನಲ್ಲಿ ಸಿಕ್ಕಿದ, ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಹೆಸರಿರುವ ಶಾಸನ ಒಂದು ಜಿನಾಲಯದ ಜೊತೆಗೆ ದಾನಶಾಲೆಯ ಮಾತನ್ನೂ ಹೇಳುತ್ತದೆ. ಕಟ್ಟಿಸಿದವನು ರಾಜನಲ್ಲ, ಊರ ಗಾಮುಂಡ. ಸಾವಿರ ವರ್ಷಕ್ಕೂ ಹಿಂದೆ ಹಾನಗಲ್ ಸೀಮೆಯ ಒಬ್ಬ ಊರ ಮುಖಂಡನಿಗೆ ಬಸದಿ ಕಟ್ಟಿದರೆ ಸಾಲದು, ಬಂದವರಿಗೆ ಅನ್ನದ ವ್ಯವಸ್ಥೆ ಬೇಕು ಎಂದು ಗೊತ್ತಿತ್ತು.

ಹಾನಗಲ್ಲಿನಿಂದ ಸುಮಾರು 25 ಕಿ.ಮೀ. ದೂರದ ತಿಳವಳ್ಳಿ ಈ ದಾರಿಯ ನಡುಮನೆ ಇದ್ದಂತೆ. ಸೇವುಣರ ಕಾಲದ, 13ನೇ ಶತಮಾನದ ಶಾಂತೇಶ್ವರ ದೇವಾಲಯ ಈ ಊರಿನ ಹೆಮ್ಮೆ. ಉತ್ತರಕ್ಕೆ ಬಂಕಾಪುರ, ದಕ್ಷಿಣಕ್ಕೆ ಕುಪ್ಪಟೂರು, ಬಂದಳಿಕೆ, ಪಶ್ಚಿಮಕ್ಕೆ ಬನವಾಸಿ, ಪೂರ್ವಕ್ಕೆ ಹಿರೇಕೆರೂರು. ಎಲ್ಲವೂ ಒಂದು ದಿನದ ಸೈಕಲ್ ಸವಾರಿಯ ಅಂತರದಲ್ಲಿ ಇವೆ. ರಾತ್ರಿ ತಂಗಲು ಇದಕ್ಕಿಂತ ಅನುಕೂಲದ ಊರು ಈ ದಾರಿಯಲ್ಲಿ ಇಲ್ಲ.

ತಿಳವಳ್ಳಿಯಿಂದ ಆನವಟ್ಟಿಗೆ ಒಂದು ತಾಸಿನ ದಾರಿ. ಅದರ ಪಕ್ಕದ ಕುಬಟೂರೇ ಶಾಸನಗಳ ಕುಪ್ಪಟೂರು. 11ನೇ ಶತಮಾನದಲ್ಲಿ ಕದಂಬ ದೊರೆ ಕೀರ್ತಿದೇವನ ರಾಣಿ ಮಾಳಲದೇವಿ ಇಲ್ಲಿ ಪಾರ್ಶ್ವದೇವ ಚೈತ್ಯಾಲಯ ಮಾಡಿಸಿದಳು. ಅಲ್ಲಿಂದ ಮುಂದೆ ಬಂದಳಿಕೆ. 10ನೇ ಶತಮಾನದ ಆರಂಭದಲ್ಲಿ ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತ ನಡೆಸಿದ ಜಕ್ಕಿಯಬ್ಬೆ, ದೇಹ ಕುಗ್ಗಿದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ತೀರ್ಥಕ್ಕೆ ಬಂದು ಸಲ್ಲೇಖನದಿಂದ ಸಮಾಧಿ ಹೊಂದಿದಳು. ಹೆಣ್ಣೊಬ್ಬಳು ನಾಡು ಆಳಿದ ಕತೆ ನಮ್ಮ ಪಾಠಶಾಲೆಯ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಅಲ್ಲಿನ ಶಾಂತಿನಾಥ ಬಸದಿ ಇಂದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿ ಮೌನವಾಗಿ ನಿಂತಿದೆ.

ಸ್ಪೇನಿನ ಹಳದಿ ಬಾಣ

ಹಳೆಯ ಯಾತ್ರಾ ದಾರಿಯೊಂದು ಸತ್ತು ಮತ್ತೆ ಬದುಕಿದ ಉದಾಹರಣೆ ಬೇಕಿದ್ದರೆ ಸ್ಪೇನ್ ದೇಶದ ಸಾಂತಿಯಾಗೊ ದಾರಿಯನ್ನು ನೋಡಬೇಕು. ಕ್ರೈಸ್ತರ ಸಂತ ಯಾಕೋಬನ ಸಮಾಧಿ ಇದೆ ಎಂದು ನಂಬುವ ಸಾಂತಿಯಾಗೊ ಊರಿಗೆ ಯುರೋಪಿನ ನಾನಾ ಕಡೆಯಿಂದ ಮಧ್ಯಯುಗದಲ್ಲಿ ಜನ ನಡೆದು ಬರುತ್ತಿದ್ದರು. ಕಾಲಕ್ರಮದಲ್ಲಿ ಆ ರೂಢಿ ತಪ್ಪಿತು. 1980ರ ದಶಕದ ಮಧ್ಯದ ಹೊತ್ತಿಗೆ ಯಾತ್ರೆ ಮುಗಿಸಿ ಪ್ರಮಾಣಪತ್ರ ಪಡೆಯುವವರು ವರ್ಷಕ್ಕೆ ಒಂದೆರಡು ಸಾವಿರವೂ ಆಗುತ್ತಿರಲಿಲ್ಲ. 2023ರಲ್ಲಿ ಆ ಸಂಖ್ಯೆ 4.46 ಲಕ್ಷ, 2024ರಲ್ಲಿ ಹೆಚ್ಚುಕಡಿಮೆ 5 ಲಕ್ಷ.

ಈ ಬದಲಾವಣೆಯನ್ನು ಆರಂಭಿಸಿದ್ದು ಸರ್ಕಾರವಲ್ಲ. ಓ ಸೆಬ್ರೇರೊ ಎಂಬ ಗುಡ್ಡದ ಹಳ್ಳಿಯ ಪಾದ್ರಿ ಎಲಿಯಾಸ್ ವಾಲಿನ್ಯಾ ದಾರಿಯ ಇತಿಹಾಸ ಓದಿದವರು. 1984ರಲ್ಲಿ ಅವರು ಹಳದಿ ಬಣ್ಣದ ಡಬ್ಬಿ ಹಿಡಿದು, ತಿರುವು ಬಂದಲ್ಲೆಲ್ಲ ಮರ, ಕಲ್ಲು, ಗೋಡೆಗಳ ಮೇಲೆ ಬಾಣದ ಗುರುತು ಹಾಕುತ್ತ ಹೋದರು. ಊರೂರಿನ ಜನರನ್ನು ಕೂಡಿಸಿ ಯಾತ್ರಿಕರಿಗೆ ಮಲಗಲು ಜಾಗ ಮಾಡಿಸಿದರು. 1987ರಲ್ಲಿ ಯುರೋಪಿನ ಮಂಡಳಿ ಅದನ್ನು ಸಾಂಸ್ಕೃತಿಕ ಮಾರ್ಗವೆಂದು ಘೋಷಿಸಿತು, 1993ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮೊದಲು ಬಾಣ ಬಂತು, ಆಮೇಲೆ ಜನ ಬಂದರು, ಮಾನ್ಯತೆ ಬಂದದ್ದು ಕೊನೆಗೆ.

ಅಲ್ಲಿನ ವ್ಯವಸ್ಥೆ ಸರಳ. ಯಾತ್ರಿಕನ ಕೈಯಲ್ಲಿ ಒಂದು ಮಡಿಚುವ ಪತ್ರ ಇರುತ್ತದೆ. ಊರೂರಲ್ಲಿ ಚರ್ಚು, ಅಂಗಡಿ, ತಂಗುಮನೆಯವರು ಅದಕ್ಕೆ ಮುದ್ರೆ ಒತ್ತುತ್ತಾರೆ. ನಡೆಯುವವರು ಕನಿಷ್ಠ 100 ಕಿ.ಮೀ., ಸೈಕಲ್ ಮೇಲೆ ಬರುವವರು ಕನಿಷ್ಠ 200 ಕಿ.ಮೀ. ಪೂರೈಸಿದರೆ ಕೊನೆಗೆ ಪ್ರಮಾಣಪತ್ರ ಸಿಗುತ್ತದೆ. ತಂಗುಮನೆಗಳಲ್ಲಿ ಸಾಲು ಮಂಚ, ಸ್ನಾನಕ್ಕೆ ನೀರು, ಕಡಿಮೆ ದರ. ಎಷ್ಟೋ ಕಡೆ ನೋಡಿಕೊಳ್ಳುವವರು ಸ್ವಯಂಸೇವಕರು. ಜನ ಖಾಲಿಯಾಗುತ್ತಿದ್ದ ಹಳ್ಳಿಗಳಲ್ಲಿ ಅಂಗಡಿ ಬಾಗಿಲು ಮತ್ತೆ ತೆರೆಯಿತು. ಅದರ ಇನ್ನೊಂದು ಮುಖವೂ ಇದೆ. ಈಗ ಸಾಂತಿಯಾಗೊ ಊರಿನವರು ಗದ್ದಲ ಹೆಚ್ಚಾಯಿತು, ಮನೆ ಬಾಡಿಗೆ ಏರಿತು ಎಂದು ದೂರುತ್ತಿದ್ದಾರೆ. ನಮ್ಮ ದಾರಿಗೆ ಆ ಚಿಂತೆ ಬರುವ ಕಾಲ ದೂರವಿದೆ. ಆದರೂ ಊರಿನವರಿಗೆ ಹೊರೆಯಾಗದಂತೆ ನಡೆಯಬೇಕು ಎಂಬ ಪಾಠವನ್ನು ಈಗಲೇ ಇಟ್ಟುಕೊಳ್ಳುವುದು ಒಳ್ಳೆಯದು.

ನೆರೆಮನೆಯ ಪಾಠ

ಸ್ಪೇನ್ ದೂರದ ಮಾತಾಯಿತು. ಹಾವೇರಿ, ಧಾರವಾಡ ಭಾಗದ ವೀರಶೈವ ಲಿಂಗಾಯತ ಬಾಂಧವರು ಯುಗಾದಿಗೆ ಮೊದಲು ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಾರೆ. ದಾರಿಯುದ್ದಕ್ಕೂ ಹಳ್ಳಿಗಳ ಜನ ಪೆಂಡಾಲ್ ಹಾಕಿ ಅನ್ನ, ಮಜ್ಜಿಗೆ, ನೀರು ಕೊಡುತ್ತಾರೆ, ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಉಳವಿ ಜಾತ್ರೆಗೆ ಈಗಲೂ ಚಕ್ಕಡಿ ಕಟ್ಟಿಕೊಂಡು ಹೋಗುವವರಿದ್ದಾರೆ. ಆಷಾಢದಲ್ಲಿ ಪಂಢರಪುರದ ದಿಂಡಿಗಳು ಹೊರಟಾಗ ದಾರಿಯ ಊರುಗಳು ಮನೆಯ ನೆಂಟರು ಬಂದಂತೆ ಸತ್ಕರಿಸುತ್ತವೆ. ಈ ಯಾತ್ರೆಗಳಿಗೆ ದೊಡ್ಡ ಕಟ್ಟಡ ಇಲ್ಲ. ದಾರಿಯಲ್ಲಿ ನಿಂತು ಬಡಿಸುವವರಿದ್ದಾರೆ ಎಂಬ ಭರವಸೆ ಇದೆ, ಅಷ್ಟೇ.

ಜೈನ ಸಮಾಜಕ್ಕೆ ಇದು ಹೊಸದಲ್ಲ. ಶ್ವೇತಾಂಬರ ಪರಂಪರೆಯಲ್ಲಿ ಆರು ನಿಯಮ ಹಿಡಿದು ನಡೆದು ತೀರ್ಥಕ್ಕೆ ಹೋಗುವ ಛರಿ ಪಾಲಿತ ಸಂಘಗಳು ಇಂದಿಗೂ ಹೊರಡುತ್ತವೆ. ದಿಗಂಬರ ಸಮಾಜದಲ್ಲಿ ಮುನಿಸಂಘದ ವಿಹಾರಕ್ಕೆ ಊರೂರ ಶ್ರಾವಕರು ಚೌಕ ಹಾಕುವ ಪದ್ಧತಿ ಗಟ್ಟಿಯಾಗಿದೆ. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಆಹಾರವನ್ನೇ ಮೊದಲು ಹೇಳುತ್ತಾರೆ. ಆದರೂ ಹೊಸ ಶಿಖರಕ್ಕೆ, ಹೊಸ ಮಾನಸ್ತಂಭಕ್ಕೆ, ಹೊಸ ಸಭಾಭವನಕ್ಕೆ ದಾನಿಗಳು ಮುಂದೆ ಬಂದಷ್ಟು ಸುಲಭವಾಗಿ ಹಳೆಯ ತೀರ್ಥದ ಊರಿನಲ್ಲಿ ಹತ್ತು ಮಂದಿಗೆ ಊಟ ಹಾಕುವ ಅಡುಗೆಮನೆಗೆ ಮುಂದೆ ಬರುವುದಿಲ್ಲ. ಕಟ್ಟಡದ ಮೇಲೆ ಹೆಸರು ಕೆತ್ತಬಹುದು, ಅನ್ನದ ಮೇಲೆ ಕೆತ್ತಲಾಗದು. ಆಡೂರಿನ ಗಾಮುಂಡ ಎರಡನ್ನೂ ಜೊತೆಗೆ ಮಾಡಿದ್ದ ಎಂಬುದು ಇಲ್ಲಿ ನೆನಪಿಸಿಕೊಳ್ಳಬೇಕಾದ ಮಾತು.

ಸೂರ್ಯಾಸ್ತದ ಲೆಕ್ಕ

ಜೈನ ಸೈಕಲ್ ಯಾತ್ರಿಕನ ಕಷ್ಟ ಬೇರೆಯವರಿಗಿಂತ ಬೇರೆ. ಸಾಮಾನ್ಯ ಸವಾರ ರಾತ್ರಿ ಎಂಟಕ್ಕೆ ಊರು ಸೇರಿ ಯಾವುದೋ ಖಾನಾವಳಿಯಲ್ಲಿ ಉಂಡು ಮಲಗುತ್ತಾನೆ. ರಾತ್ರಿಭೋಜನ ತ್ಯಾಗ ಇರುವವರಿಗೆ ಅದು ಸಾಧ್ಯವಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಊಟ ದಾರಿಯ ಹೋಟೆಲಿನಲ್ಲಿ ಸಿಗುವುದು ಅಪರೂಪ. ಸೋಸಿ ಕುದಿಸಿದ ನೀರು ಅಂಗಡಿಯಲ್ಲಿ ಸಿಗುವುದಿಲ್ಲ. ಹೀಗಾಗಿ ನಿಯಮ ಪಾಲಿಸುವ ಕುಟುಂಬಗಳು ಕಾರಿನಲ್ಲಿ ಡಬ್ಬಿ ತುಂಬಿಕೊಂಡು ಹೋಗಿ, ದರ್ಶನ ಮುಗಿಸಿ, ಸಂಜೆಯೊಳಗೆ ಮನೆ ಸೇರುವ ಲೆಕ್ಕ ಹಾಕುತ್ತವೆ. ಸಂಜೆಯೊಳಗೆ ಮನೆ ಸೇರಲಾಗದ ತೀರ್ಥಗಳು ಪಟ್ಟಿಯಿಂದ ಬಿಟ್ಟುಹೋಗುತ್ತವೆ. ಬಂದಳಿಕೆ, ಕುಬಟೂರಿನಂಥ ಊರುಗಳು ಬಿಟ್ಟುಹೋಗಿರುವುದಕ್ಕೆ ಇದೂ ಒಂದು ಕಾರಣ.

ಗಡಿಯಾರ ಹಿಡಿದು ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ಚಳಿಗಾಲದಲ್ಲಿ ಈ ಭಾಗದಲ್ಲಿ ಸೂರ್ಯ ಮೂಡುವುದು ಆರೂಮುಕ್ಕಾಲರಿಂದ ಏಳರ ಒಳಗೆ, ಮುಳುಗುವುದು ಆರರ ಆಸುಪಾಸಿಗೆ. ಸೂರ್ಯೋದಯದ ನಂತರ ಎರಡು ಘಳಿಗೆ, ಅಂದರೆ 48 ನಿಮಿಷ ಬಿಟ್ಟು ಉಪಾಹಾರ. ಸಂಜೆ ಅಷ್ಟೇ ಹೊತ್ತು ಮೊದಲು ಊಟ ಮುಗಿಯಬೇಕು. ಎಂಟೂಕಾಲಿಗೆ ಹೊರಟು ನಾಲ್ಕಕ್ಕೆ ತಲುಪಬೇಕೆಂದರೆ, ನಡುವೆ ದರ್ಶನ, ಮಧ್ಯಾಹ್ನದ ಊಟ, ವಿಶ್ರಾಂತಿ ಕಳೆದು ನಾಲ್ಕೈದು ತಾಸು ಸವಾರಿಗೆ ಉಳಿಯುತ್ತದೆ. ತಾಸಿಗೆ 10–12 ಕಿ.ಮೀ. ವೇಗದಲ್ಲಿ, ಅಭ್ಯಾಸ ಇರುವ ಐವತ್ತರ ಶ್ರಾವಕ ಶ್ರಾವಿಕೆಯರೂ ದಿನಕ್ಕೆ 45–55 ಕಿ.ಮೀ. ಹೋಗಬಹುದು.

ಈ ಲೆಕ್ಕಕ್ಕೆ ದಾರಿ ಚೆನ್ನಾಗಿ ಹೊಂದುತ್ತದೆ. ಮೊದಲ ದಿನ ಲಕ್ಷ್ಮೇಶ್ವರದಿಂದ ಸವಣೂರು ಮಾರ್ಗವಾಗಿ ಬಂಕಾಪುರ, ಸುಮಾರು 45 ಕಿ.ಮೀ. ಎರಡನೇ ದಿನ ಹಾನಗಲ್ಲಿನಲ್ಲಿ ಮಧ್ಯಾಹ್ನದ ಊಟ ಮಾಡಿ ಅಕ್ಕಿಆಲೂರು ಕಡೆಯಿಂದ ತಿಳವಳ್ಳಿ, ಸುಮಾರು 55 ಕಿ.ಮೀ. ಮೂರನೇ ದಿನ ಕುಬಟೂರು ನೋಡಿ ಬಂದಳಿಕೆ, ಮತ್ತೆ 45–50 ಕಿ.ಮೀ. ಅಂದರೆ ಇಡೀ ಯಾತ್ರೆಗೆ ಬೇಕಾದದ್ದು ಎರಡು ರಾತ್ರಿ ತಂಗುವ ಜಾಗ, ಬಂಕಾಪುರದಲ್ಲಿ ಒಂದು, ತಿಳವಳ್ಳಿಯಲ್ಲಿ ಒಂದು. ಜೊತೆಗೆ ಹಾನಗಲ್ ಮತ್ತು ಆನವಟ್ಟಿಯಲ್ಲಿ ಮಧ್ಯಾಹ್ನದ ಊಟ. ನಾಲ್ಕು ಊರುಗಳ ಅಡುಗೆ ಸಿದ್ಧವಾದರೆ ದಾರಿ ಸಿದ್ಧವಾದಂತೆ.

ಸೈಕಲ್ಲಿನ ಖರ್ಚೂ ದೊಡ್ಡದಲ್ಲ. 2006–07ರಲ್ಲಿ ಆರಂಭವಾದ ರಾಜ್ಯ ಸರ್ಕಾರದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಇಂದಿಗೂ ಓಡುತ್ತಿವೆ. ಹೀಗಾಗಿ ಪಂಕ್ಚರ್ ತಿದ್ದುವ ಅಂಗಡಿ ದೊಡ್ಡ ಊರುಗಳಲ್ಲೆಲ್ಲ ಸಿಗುತ್ತದೆ. ಗೇರ್ ಇರುವ ದುಬಾರಿ ಸೈಕಲ್ಲೇ ಬೇಕೆಂಬ ನಿಯಮ ಈ ದಾರಿಗೆ ಇಲ್ಲ. ಬ್ರೇಕು, ಟೈರು ಗಟ್ಟಿ ಇರಬೇಕು, ಹಿಂದೆ ಕೆಂಪು ದೀಪ, ತಲೆಗೆ ಹೆಲ್ಮೆಟ್ ಇರಬೇಕು. ಬ್ಯಾಟರಿ ಸೈಕಲ್ ಹಿರಿಯರಿಗೆ ಅನುಕೂಲ.

ಜೀವದಯೆಯ ಪ್ರಶ್ನೆಯನ್ನೂ ಮರೆಯಬಾರದು. ಈರ್ಯಾಸಮಿತಿ ಪಾಲಿಸುವ ಮುನಿಗಳು ವಾಹನ ಹತ್ತುವುದಿಲ್ಲ, ಅವರಿಗೆ ನಡಿಗೆಯೇ ದಾರಿ. ಗೃಹಸ್ಥರಿಗೆ ಆ ಕಟ್ಟುಪಾಡು ಇಲ್ಲದಿದ್ದರೂ, ಕಾರಿಗಿಂತ ಸೈಕಲ್ಲಿನಲ್ಲಿ ಹಿಂಸೆ ಕಡಿಮೆ, ನೋಡಿಕೊಂಡು ಹೋಗುವ ಅವಕಾಶ ಹೆಚ್ಚು. ಮಳೆಗಾಲದಲ್ಲಿ ರಸ್ತೆಯ ಮೇಲೆ ಹುಳ, ಕಪ್ಪೆ, ಏಡಿ ಹರಿದಾಡುತ್ತವೆ. ಆದ್ದರಿಂದ ಚಾತುರ್ಮಾಸದಲ್ಲಿ ಯಾತ್ರೆ ಬೇಡ. ದೀಪಾವಳಿಯ ನಂತರ ಆರಂಭಿಸಿ ಫಾಲ್ಗುಣದೊಳಗೆ ಮುಗಿಸುವುದು ಧರ್ಮಕ್ಕೂ ಸರಿ, ಬಿಸಿಲಿಗೂ ಸರಿ.

ವಿಹಾರಕ್ಕೂ ಅದೇ ಜಾಗ

ತಂಗುವ ಜಾಗದ ವಿಚಾರ ಸೈಕಲ್ಲಿನವರಿಗಷ್ಟೇ ಸೇರಿದ್ದಲ್ಲ. ವಿಹಾರದಲ್ಲಿರುವ ಸಾಧು ಸಾಧ್ವಿಯರಿಗೆ, ಮುನಿ ಆರ್ಯಿಕೆಯರಿಗೆ ರಸ್ತೆ ಅಪಘಾತ ಆದ ಸುದ್ದಿ ದೇಶದ ಒಂದಲ್ಲ ಒಂದು ಕಡೆಯಿಂದ ಬರುತ್ತಲೇ ಇರುತ್ತದೆ. ನಸುಕಿನಲ್ಲಿ, ಮಂಜಿನಲ್ಲಿ, ಹೆದ್ದಾರಿಯ ಅಂಚಿನಲ್ಲಿ ನಡೆಯುವಾಗ ವೇಗದ ಲಾರಿ ಕಾರುಗಳಿಗೆ ಅವರು ಕಾಣುವುದಿಲ್ಲ. ಹೆದ್ದಾರಿ ಹಿಡಿಯಲು ಒಂದು ಕಾರಣ, ಒಳದಾರಿಯ ಊರುಗಳಲ್ಲಿ ತಂಗಲು ಗೊತ್ತಾದ ಜಾಗ ಇಲ್ಲದಿರುವುದು. ಗುಜರಾತ್, ರಾಜಸ್ಥಾನಗಳಲ್ಲಿ ನಡಿಗೆಯ ಅಂತರಕ್ಕೊಂದು ವಿಹಾರಧಾಮ ಕಟ್ಟುವ ರೂಢಿ ಬೆಳೆದಿದೆ. ನಮ್ಮಲ್ಲಿ ಊರಿನ ಶಾಲೆ, ಸಮುದಾಯ ಭವನ, ಪರಿಚಯದವರ ಮನೆ ಎಂದು ಹುಡುಕಬೇಕಾಗುತ್ತದೆ.

ಬಂಕಾಪುರ, ಹಾನಗಲ್, ತಿಳವಳ್ಳಿ, ಆನವಟ್ಟಿಯಲ್ಲಿ ಒಂದು ಶುದ್ಧ ಅಡುಗೆಮನೆ, ಎರಡು ಕೋಣೆ, ಬಾವಿ ಅಥವಾ ಬೋರಿನ ನೀರು ಇದ್ದರೆ, ಚಳಿಗಾಲದ ತಿಂಗಳುಗಳಲ್ಲಿ ಸೈಕಲ್ ಯಾತ್ರಿಕರು ತಂಗುತ್ತಾರೆ, ಸಂಘ ಬಂದಾಗ ಅದೇ ಜಾಗ ವಸತಿಯಾಗುತ್ತದೆ. ಒಂದೇ ಖರ್ಚಿಗೆ ಎರಡು ಪುಣ್ಯ ಎಂದು ಹಿರಿಯರು ಹೇಳುವುದು ಇಂಥದ್ದಕ್ಕೇ. ವಿಹಾರದ ಜೊತೆಗೆ ಹೊಳೆಯುವ ಪಟ್ಟಿಯ ಅಂಗಿ ತೊಟ್ಟ ಇಬ್ಬರು ಸೈಕಲ್ ಸವಾರರು ಒಬ್ಬರು ಮುಂದೆ, ಒಬ್ಬರು ಹಿಂದೆ ಹೋದರೆ ದೂರದಿಂದಲೇ ವಾಹನಗಳಿಗೆ ಎಚ್ಚರಿಕೆ ಸಿಗುತ್ತದೆ. ಯುವಕ ಮಂಡಳಗಳು ಇದನ್ನು ನಾಳೆಯೇ ಆರಂಭಿಸಬಹುದು, ಯಾರ ಅಪ್ಪಣೆಯೂ ಬೇಕಿಲ್ಲ.

ಎಚ್ಚರ ವಹಿಸಬೇಕಾದ ವಿಷಯಗಳು

ಮೊದಲನೆಯದು ಕಾನೂನು. ಈ ದಾರಿಯ ಹಲವು ಸ್ಮಾರಕಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಭಕ್ತಿಯ ಭರದಲ್ಲಿ ಬಂದಳಿಕೆಯ ಬಸದಿಯ ಪಕ್ಕ ಕೋಣೆ ಕಟ್ಟಲು ಹೋದರೆ ಕೆಲಸ ನಿಲ್ಲುತ್ತದೆ, ಹಣ ಮುಳುಗುತ್ತದೆ. ತಂಗುವ ಜಾಗ ಊರೊಳಗೆ, ಈಗಾಗಲೇ ಇರುವ ಮನೆಯಲ್ಲಿ ಇರಲಿ. ದಾರಿಗುರುತು ಕೂಡ ಹಳೆಯ ಕಲ್ಲು, ಶಾಸನ, ಗುಡಿಯ ಗೋಡೆಯ ಮೇಲೆ ಬೀಳಕೂಡದು. ಪಂಚಾಯಿತಿಯ ಒಪ್ಪಿಗೆ ಪಡೆದು ಸಣ್ಣ ಫಲಕ ನೆಟ್ಟರೆ ಸಾಕು.

ಎರಡನೆಯದು ಇನ್ನೂ ಮುಖ್ಯ. ಹಳೆಯ ಊರುಗಳಿಗೆ ಹೋದಾಗ ಪ್ರತಿಯೊಂದು ಕಂಬ ನೋಡಿ ಇದು ಮೊದಲು ನಮ್ಮದಿತ್ತು ಎನ್ನುವ ಮಾತು ಬಾಯಿಗೆ ಬರುವುದುಂಟು. ತಿಳವಳ್ಳಿಯ ಶಾಂತೇಶ್ವರ ಶಿವನ ಗುಡಿ. ಹೆಸರಿನಲ್ಲಿ ಶಾಂತಿ ಇದೆ ಎಂದು ಅದನ್ನು ಶಾಂತಿನಾಥನಿಗೆ ಜೋಡಿಸುವ ಅಗತ್ಯ ಇಲ್ಲ. ಅಂಥ ಮಾತು ಊರವರ ಮನಸ್ಸು ಕೆಡಿಸುತ್ತದೆ, ಯಾತ್ರಿಕರ ಅನ್ನ ನೀರಿನ ಬಾಗಿಲನ್ನೂ ಮುಚ್ಚುತ್ತದೆ. ಈ ಸೀಮೆಯ ಪರಂಪರೆ ಬೇರೆಯೇ ಇತ್ತು. ಕುಪ್ಪಟೂರಿನಲ್ಲಿ ಮಾಳಲದೇವಿ ಕಟ್ಟಿಸಿದ ಪಾರ್ಶ್ವದೇವರ ಬಸದಿಗೆ ಬ್ರಹ್ಮಜಿನಾಲಯ ಎಂದು ಹೆಸರಿಟ್ಟವರು ಆ ಊರ ಅಗ್ರಹಾರದ ಬ್ರಾಹ್ಮಣರು. ಬಳ್ಳಿಗಾವಿಯಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಲ್ಲರಿಗೂ ಜಾಗವಿತ್ತು. ಶಿಗ್ಗಾಂವಿ ತಾಲೂಕಿನಲ್ಲೇ ಕನಕದಾಸರ ಬಾಡ ಇದೆ, ಶರೀಫ ಸಾಹೇಬರ ಶಿಶುನಾಳ ಇದೆ. ದಾರಿ ಸ್ವಲ್ಪ ಬದಲಿಸಿ ಅಲ್ಲಿಗೂ ಹೋಗಿ ಬಂದರೆ ಯಾತ್ರೆಗೆ ನಷ್ಟವಿಲ್ಲ.

ಒಳಗಿನ ಭೇದವೂ ಈ ದಾರಿಯಲ್ಲಿ ಕರಗಲಿ. ಹಾವೇರಿ ಬಳಿಯ ದೇವಗಿರಿಯಲ್ಲಿ ಸಿಕ್ಕ 5ನೇ ಶತಮಾನದ ತಾಮ್ರಪಟದಲ್ಲಿ ಕದಂಬ ಮೃಗೇಶವರ್ಮ ಕಾಲವಂಗ ಎಂಬ ಗ್ರಾಮವನ್ನು ಮೂರು ಪಾಲು ಮಾಡಿದ್ದಾನೆ. ಒಂದು ಅರ್ಹಂತರ ಆಲಯಕ್ಕೆ, ಒಂದು ಶ್ವೇತಪಟ ಮಹಾಶ್ರಮಣ ಸಂಘಕ್ಕೆ, ಒಂದು ನಿರ್ಗ್ರಂಥ ಮಹಾಶ್ರಮಣ ಸಂಘಕ್ಕೆ. ಒಂದೇ ಊರಿನ ಬೆಳೆಯನ್ನು ಎರಡೂ ಸಂಘಗಳು ಉಂಡಿವೆ. ಇಂದು ಒಂದು ಅಡುಗೆಮನೆಯನ್ನು ದಿಗಂಬರ, ಶ್ವೇತಾಂಬರ ಕುಟುಂಬಗಳು ಕೂಡಿ ನಡೆಸುವುದು ಅದಕ್ಕಿಂತ ಕಷ್ಟದ ಕೆಲಸವಲ್ಲ.

ಮೂರನೆಯದು ರಸ್ತೆ. ಹೆದ್ದಾರಿ 48ರಲ್ಲಿ ಸೈಕಲ್ ಓಡಿಸುವ ಸಾಹಸ ಬೇಡ, ದಾಟುವಾಗ ಇಳಿದು ದಾಟಬೇಕು. ಕಬ್ಬಿನ ಹಂಗಾಮಿನಲ್ಲಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಮುಸ್ಸಂಜೆಗೆ ಅಪಾಯ ತರುತ್ತವೆ. ನಾಲ್ಕಕ್ಕೆ ತಂಗುವ ನಿಯಮ ಇಲ್ಲಿ ಹೊಟ್ಟೆಯ ಜೊತೆಗೆ ಜೀವವನ್ನೂ ಕಾಯುತ್ತದೆ. ಆರು ಜನಕ್ಕಿಂತ ಕಡಿಮೆ ಇಲ್ಲದ ಗುಂಪು, ಹಿಂದೆ ಒಂದು ಸಾಮಾನಿನ ಗಾಡಿ, ಪ್ರತಿ ಗುಂಪಿನಲ್ಲಿ ಪ್ರಥಮ ಚಿಕಿತ್ಸೆ ಬಲ್ಲ ಒಬ್ಬರು ಇರಲಿ.

ಯಾರು ಏನು ಮಾಡಬಹುದು

2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಜೈನರ ಸಂಖ್ಯೆ 4,40,280. ನೂರಕ್ಕೆ ಒಬ್ಬರೂ ಅಲ್ಲ. ಇಷ್ಟು ಚಿಕ್ಕ ಸಮಾಜ ರಾಜ್ಯದ ಪ್ರತಿ ಹಳೆಯ ಬಸದಿಗೂ ಕಾವಲು ಕೂರಲಾಗದು. ಆದರೆ ಜನ ಬಂದು ಹೋಗುವ ಜಾಗ ತಾನೇ ಉಳಿಯುತ್ತದೆ. ವರ್ಷಕ್ಕೆ ಹತ್ತು ಗುಂಪು ಬಂದಳಿಕೆಗೆ ಬಂದರೆ ಊರವರಿಗೆ ಆ ಬಸದಿಯ ಬೆಲೆ ತಿಳಿಯುತ್ತದೆ, ಗಿಡಗಂಟಿ ಬೆಳೆದರೆ ಹೇಳುವವರು ಇರುತ್ತಾರೆ, ಇಲಾಖೆಗೂ ಕೇಳುವವರಿದ್ದಾರೆ ಎಂಬ ಅರಿವು ಬರುತ್ತದೆ.

ಕೆಲಸವನ್ನು ಹಂಚಿಕೊಂಡರೆ ಭಾರವಾಗದು. ಲಕ್ಷ್ಮೇಶ್ವರ, ಹುಬ್ಬಳ್ಳಿ, ಹಾವೇರಿಯ ಸಮಾಜಗಳು ಸೇರಿ ಮೊದಲು ಎರಡು ರಾತ್ರಿಯ ಜಾಗ ಗೊತ್ತುಮಾಡಲಿ. ಹೊಸದಾಗಿ ಕಟ್ಟುವುದು ಬೇಡ, ಮೊದಲ ಎರಡು ವರ್ಷ ಬಾಡಿಗೆಗೆ ಹಿಡಿದು ನೋಡಲಿ. ಊರಿನಲ್ಲಿ ಜೈನ ಮನೆ ಇದ್ದರೆ ಅವರಿಗೆ, ಇಲ್ಲದಿದ್ದರೆ ಶುದ್ಧ ಶಾಕಾಹಾರದ ಅಡುಗೆ ಮಾಡಿಕೊಡಲು ಒಪ್ಪುವ ಕುಟುಂಬಕ್ಕೆ ನಿಯಮ ಹೇಳಿಕೊಟ್ಟು, ತಕ್ಕ ಹಣ ಕೊಟ್ಟು ಒಪ್ಪಿಸಲಿ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಅನ್ನ, ತೊವ್ವೆ ಇದ್ದರೆ ಯಾತ್ರಿಕರಿಗೆ ಹಬ್ಬ. ಪಾಠಶಾಲೆಗಳು ಮಕ್ಕಳಿಗಾಗಿ ಒಂದು ಯಾತ್ರಾ ಪತ್ರ ಅಚ್ಚು ಹಾಕಿಸಲಿ. ಪ್ರತಿ ಊರಿಗೆ ಒಂದು ಮುದ್ರೆ ಇರಲಿ, ಲಕ್ಷ್ಮೇಶ್ವರಕ್ಕೆ ಶಂಖ, ಬಂಕಾಪುರಕ್ಕೆ ನವಿಲು, ಬಂದಳಿಕೆಗೆ ಶಾಂತಿನಾಥರ ಲಾಂಛನವಾದ ಜಿಂಕೆ. ದಾನಿಗಳು ಜನ್ಮದಿನ, ಪುಣ್ಯತಿಥಿಯ ಹೆಸರಿನಲ್ಲಿ ಒಂದೊಂದು ದಿನದ ಅಡುಗೆಯ ಖರ್ಚು ವಹಿಸಿಕೊಳ್ಳಲಿ.

ಹೊರಡುವವರು ಕೂಡ ತಯಾರಿ ಮಾಡಬೇಕು. ಎರಡು ತಿಂಗಳು ಮುಂಚೆ ವಾರಕ್ಕೆ ಮೂರು ದಿನ 15–20 ಕಿ.ಮೀ. ಅಭ್ಯಾಸ ಇರಲಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳಿಯೇ ಹೊರಡಲಿ. ಉಪವಾಸದ ದಿನ ಸವಾರಿ ಬೇಡ, ಅಷ್ಟಮಿ ಚತುರ್ದಶಿಗಳನ್ನು ನೋಡಿ ದಿನ ಗೊತ್ತುಮಾಡಬೇಕು. ಹೋಗುವ ಮುನ್ನ ಒಂದು ಸಂಜೆ ಮನೆಯವರೆಲ್ಲ ಕೂತು ಮಾರಸಿಂಹ, ಜಕ್ಕಿಯಬ್ಬೆ, ಮಾಳಲದೇವಿಯರ ಕತೆ ಓದಿದರೆ ದಾರಿಯ ಕಲ್ಲುಗಳು ಮಾತಾಡುತ್ತವೆ.

2030ಕ್ಕೆ ಮೊದಲು ಸಿಗುವ ಒಂದೊಂದು ಚಳಿಗಾಲಕ್ಕೂ ಬೆಲೆ ಇದೆ. ಮೊದಲ ಚಳಿಗಾಲಕ್ಕೆ ಎರಡು ಗುಂಪು ಹೋಗಿ ಬಂದು ಲೋಪದೋಷ ಬರೆದಿಟ್ಟರೂ ಸಾಕು, ಮರುವರ್ಷ ಅದು ನಾಲ್ಕಾಗುತ್ತದೆ. ಮಹಾಮಸ್ತಕಾಭಿಷೇಕಕ್ಕೆ ದೇಶವೆಲ್ಲ ಬೆಳಗೊಳದ ಕಡೆ ಮುಖ ಮಾಡುವ ಹೊತ್ತಿಗೆ, ಬಂಕಾಪುರದಲ್ಲೂ ತಿಳವಳ್ಳಿಯಲ್ಲೂ ಸೂರ್ಯ ಮುಳುಗುವ ಮೊದಲು ಯಾತ್ರಿಕರಿಗೆ ಎಲೆ ಹಾಕಿ ಬಡಿಸುವ ವ್ಯವಸ್ಥೆ ಇರಬೇಕು. ಈ ಚಾತುರ್ಮಾಸ ಮುಗಿಯುವುದರೊಳಗೆ ಆಯಾ ಊರಿನ ಸಮಾಜಗಳು ಸಭೆ ಕರೆದು ಆ ಎರಡು ಜಾಗಗಳನ್ನು ಗೊತ್ತುಮಾಡಿದರೆ ಕೆಲಸ ಅರ್ಧ ಆದಂತೆ.